ಮೂಳೆ ಒಲಿಯುವ ಮುಖ

ಕೀಲಿ ತಿರುಗಿಸುವ ಮುನ್ನ ಆಕೆ ಬೀಗವನ್ನೊಮ್ಮೆ ಜಗ್ಗಿ ನೋಡುತ್ತಾರೆ. ನಿನ್ನೆ ಸಂಜೆ ಅದನ್ನು ಹಾಕಿದ್ದು ಅವರೇ. ಕೀಲಿ ಇದ್ದದ್ದೂ ಅವರ ಸೊಂಟದಲ್ಲೇ. ಆದರೂ ಜಗ್ಗುತ್ತಾರೆ. ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಆಸ್ಪತ್ರೆಯ ಹಿಂದಿನ ಈ ಓಣಿಯಲ್ಲಿ ಹಾಲಿನ ಗಾಡಿಯೊಂದು ಬಿಟ್ಟರೆ ನರಪಿಳ್ಳೆಯಿಲ್ಲ. ಒಳಗೆ ಹೋಗಿ ದೀಪ ಹಾಕಿ, ಮೂಲೆಯಲ್ಲಿರುವ ಪುಟ್ಟ ವಿದ್ಯುತ್ ಕುಲುಮೆಯ ಬಾಗಿಲನ್ನು ಮುಟ್ಟಿ, ತಣ್ಣಗಿದೆ ಎಂದು ಖಾತ್ರಿ ಮಾಡಿಕೊಂಡು ನನ್ನ ಕಡೆ ತಿರುಗುತ್ತಾರೆ.

"ಕಾರ್ಡ್ ತೋರ್ಸಿ."

ತೋರಿಸುತ್ತೇನೆ. ದೀಪದ ಕೆಳಗೆ ಹಿಡಿದು ನೋಡುತ್ತಾರೆ. "ಫೋಟೋದಲ್ಲಿ ಕನ್ನಡಕ ಇಲ್ಲ?"

"ಆಮೇಲೆ ಬಂತು."

"ಎಲ್ಲರೂ ಹಾಗೇ ಅಂತಾರೆ," ಎಂದು ಕಾರ್ಡನ್ನು ಹಿಂದಕ್ಕೆ ಕೊಟ್ಟು, ಬಾಗಿಲ ಪಕ್ಕದ ಸ್ಟೂಲು ತೋರಿಸುತ್ತಾರೆ. "ಅಲ್ಲೇ ಕೂತ್ಕೊಳ್ಳಿ. ಏನನ್ನೂ ಮುಟ್ಟಬೇಡಿ. ಕೆಮ್ಮು ಬಂದ್ರೆ ಹೊರಗೆ ಹೋಗಿ ಕೆಮ್ಮಿ."

ಇಲ್ಲಿ ಎಲ್ಲರೂ ಅವರನ್ನು ಎದುರಿಗೆ ದೊಡ್ಡಕ್ಕ ಎನ್ನುತ್ತಾರೆ, ಬೆನ್ನ ಹಿಂದೆ ಅನುಮಾನದಕ್ಕ. ಎರಡೂ ಅವರಿಗೆ ಗೊತ್ತು. ನನ್ನನ್ನೂ ಅವರು ಮೊದಲ ದಿನದಿಂದಲೇ ಅನುಮಾನಿಸುತ್ತಿದ್ದಾರೆ. ಮುಚ್ಚುಮರೆ ಯಾಕೆ, ನಾನೂ ಅವರನ್ನು ಅನುಮಾನಿಸಿಕೊಂಡೇ ಬಂದವನು.

ಕಾರಣವಿದೆ. ಕೈಗೆ ಕಟ್ಟಿಕೊಂಡರೆ ಮಂಡಿನೋವು ಹೋಗುವ ಅಯಸ್ಕಾಂತದ ಬಳೆ, ಲೋಟದ ಕೆಳಗಿಟ್ಟರೆ ನೀರಿಗೆ ಶಕ್ತಿ ತುಂಬುವ ಕಲ್ಲು, ಇಂಥವನ್ನು ಮಾರುವವರ ಬಗ್ಗೆ ಬರೆದು ಬರೆದು ನನ್ನ ಮೂಗು ಚುರುಕಾಗಿದೆ. ಹಾಗಿರುವಾಗ ಸಂಪಾದಕರು ಒಂದು ದಿನ, "ಪಿಂಗಾಣಿ ಬಿಲ್ಲೆಗೆ ಕರೆಂಟು ತುಂಬಿ ಮೂಳೆಗೆ ಅಂಟಿಸ್ತಾರಂತೆ, ಅದನ್ನು ತುಂಬೋ ಹೆಂಗಸಿನ ಬಗ್ಗೆ ಒಂದು ಲೇಖನ ಮಾಡಿ," ಎಂದರೆ ನಂಬುವುದು ಹೇಗೆ? ಮತ್ತೊಂದು ಬಳೆಯ ಕತೆ ಎಂದುಕೊಂಡೇ ಹೊರಟಿದ್ದೆ.

ಬೆಳ್ಳಗಿರುವುದೆಲ್ಲ ಹಾಲಲ್ಲ ಎನ್ನುತ್ತಾರೆ. ದೊಡ್ಡಕ್ಕನ ಮೇಜಿನ ಮೇಲೆ ಬೆಳ್ಳಗಿರುವುದೆಲ್ಲ ಬಿಲ್ಲೆ. ಅಂಗಿಯ ಗುಂಡಿಗಿಂತ ತುಸು ದೊಡ್ಡವು. ಅಪಘಾತದಲ್ಲೋ ರೋಗದಲ್ಲೋ ಮೂಳೆಯ ಒಂದು ಭಾಗ ಹೋದಾಗ ಆ ಜಾಗ ತುಂಬುವ ತುಂಡುಗಳ ಮಾದರಿ ಇವು. ನಮ್ಮ ಮೂಳೆಯಲ್ಲಿರುವ ಖನಿಜವನ್ನೇ ಹೋಲುವ ಪುಡಿಯಿಂದ ಬೇರೆ ಕಡೆ ಸುಟ್ಟು ತಯಾರಾಗಿ ಇಲ್ಲಿಗೆ ಬರುತ್ತವೆ. ಹಾಗಾಗಿ ದೇಹ ಇವನ್ನು ಪರರೆಂದು ಹೊರಗೆ ದಬ್ಬುವುದಿಲ್ಲ. ಆದರೆ ದಬ್ಬದೇ ಇರುವುದು ಬೇರೆ, ಅಪ್ಪಿಕೊಳ್ಳುವುದು ಬೇರೆ. ಮೂಳೆ ಬಂದು ಬಿಲ್ಲೆಯನ್ನು ಗಟ್ಟಿಯಾಗಿ ಕಚ್ಚಿಕೊಳ್ಳಬೇಕು, ಅದೂ ಬೇಗ. ಅಪ್ಪಿಕೊಳ್ಳುವ ಹಾಗೆ ಮಾಡುವುದೇ ಈ ಕೋಣೆಯ ಕೆಲಸ.

ದೊಡ್ಡಕ್ಕ ಚಿಮಟದಲ್ಲಿ ಒಂದೊಂದೇ ಬಿಲ್ಲೆ ಎತ್ತಿ, ಕನ್ನಡಿಯಂತೆ ಉಜ್ಜಿದ ಲೋಹದ ತಟ್ಟೆಯ ಮೇಲೆ ಸಾಲಾಗಿ ಇಡುತ್ತಾರೆ. ಮೇಲೆ ಇನ್ನೊಂದು ತಟ್ಟೆ ಮುಚ್ಚುತ್ತಾರೆ. ಎರಡೂ ತಟ್ಟೆಗಳಿಂದ ಒಂದೊಂದು ತಂತಿ ಹೊರಟು ಪಕ್ಕದ ಹೈ ವೋಲ್ಟೇಜ್ ಪೆಟ್ಟಿಗೆಯ ಬೆನ್ನಿಗೆ ಹೋಗುತ್ತದೆ. ಕುಲುಮೆಯಲ್ಲಿ ಬಿಲ್ಲೆಗಳನ್ನು ಮುನ್ನೂರು ಡಿಗ್ರಿಗೂ ಮೇಲೆ ಕಾಯಿಸಿ, ತಟ್ಟೆಗಳ ನಡುವೆ ವಿದ್ಯುತ್ತಿನ ಒತ್ತಡ ಕೊಟ್ಟರೆ ಬಿಲ್ಲೆಯೊಳಗಿನ ಕಣಗಳು ಒಂದು ಕಡೆಗೆ ಸರಿಯುತ್ತವೆ. ಒತ್ತಡ ಬಿಡದೆ ತಣ್ಣಗಾಗಿಸಿದರೆ ಸರಿದವು ಅಲ್ಲಲ್ಲೇ ಸಿಕ್ಕಿಕೊಳ್ಳುತ್ತವೆ. ಆಗ ಬಿಲ್ಲೆಯ ಒಂದು ಮುಖ ಮೈನಸ್, ಇನ್ನೊಂದು ಪ್ಲಸ್. ಮೈನಸ್ ಮುಖ ಮೈಯೊಳಗಿನ ಕ್ಯಾಲ್ಸಿಯಂ ಅನ್ನು ತನ್ನತ್ತ ಸೆಳೆಯುತ್ತದೆ, ಅದರ ಮೇಲೆ ಹೊಸ ಮೂಳೆ ಬೇಗ ಕೂರುತ್ತದೆ. ಪ್ಲಸ್ ಮುಖಕ್ಕೆ ಮೂಳೆ ಬರುವುದು ಕರೆಯದ ಮನೆಗೆ ಊಟಕ್ಕೆ ಹೋದವರ ಹಾಗೆ, ಹಿಂದೆ ಮುಂದೆ ನೋಡಿಕೊಂಡು.

ಇದು ಅವರು ಹೇಳುವ ಮಾತು. ನಾನು ತಲೆಯಾಡಿಸಿದೆ, ಆದರೆ ನಂಬಲಿಲ್ಲ.

ತೊಂದರೆ ಏನೆಂದರೆ ಎರಡು ಮುಖಗಳೂ ನೋಡಲು ಒಂದೇ. ಅದೇ ಬಿಳುಪು, ಅದೇ ನುಣುಪು. ನಾಲಿಗೆಗೆ ತಾಗಿಸಿದರೂ ಗೊತ್ತಾಗುವುದಿಲ್ಲ. ಯಂತ್ರದಲ್ಲಿ ಅಳೆಯಬಹುದು, ಆದರೆ ಅಳೆಯಲು ಮತ್ತೆ ಕಾಯಿಸಬೇಕು, ಕಾಯಿಸಿದರೆ ತುಂಬಿದ ಚಾರ್ಜೇ ಹೋಗುತ್ತದೆ. ಬೆಂಕಿಕಡ್ಡಿ ಹೊತ್ತುತ್ತದೆಯೇ ಎಂದು ಗೀರಿ ನೋಡಿದ ಹಾಗೆ. ಆದ್ದರಿಂದ ಇಲ್ಲಿ ಒಂದು ಪದ್ಧತಿ. ತಂತಿಗಳನ್ನು ಜೋಡಿಸುವಾಗ ಕೆಳಗಿನ ತಟ್ಟೆಗೆ ತಾಗಿದ ಮುಖವೇ ಯಾವಾಗಲೂ ಮೈನಸ್ ಆಗುವಂತೆ ನೋಡಿಕೊಳ್ಳುತ್ತಾರೆ. ತಟ್ಟೆ ತಣ್ಣಗಾಗಿ ಹೊರಗೆ ಬಂದ ಮೇಲೆ ಆ ಕೆಳಮುಖದ ಅಂಚಿಗೆ ಒಂದು ನೀಲಿ ಚುಕ್ಕೆ ಬೀಳುತ್ತದೆ. ಮುಂದೆ ಶಸ್ತ್ರಚಿಕಿತ್ಸೆ ಮಾಡುವವರಾಗಲಿ, ಮೂಳೆ ಕತ್ತರಿಸಿ ಸೂಕ್ಷ್ಮದರ್ಶಕದಲ್ಲಿ ನೋಡುವವರಾಗಲಿ ನಂಬುವುದು ಆ ಚುಕ್ಕೆಯನ್ನೇ.

ಚುಕ್ಕೆ ಇಡುವವರು ದೊಡ್ಡಕ್ಕ ಅಲ್ಲ. ಅವರ ವಾರಗಿತ್ತಿ, ಗಂಡನ ತಮ್ಮನ ಹೆಂಡತಿ. ಇಲ್ಲಿ ಅವರಿಗೆ ಚಿಕ್ಕಕ್ಕ ಎಂದು ಹೆಸರು. ಸ್ವಲ್ಪ ಹೊತ್ತಿನ ಮೇಲೆ ಬರುತ್ತಾರೆ. ಚಪ್ಪಲಿ ಬಿಟ್ಟು, ಕೈ ತೊಳೆದು ಒರೆಸಿ, ಕೈಗವಸು ಹಾಕಿಕೊಂಡು ತಮ್ಮ ಮೇಜಿಗೆ ಹೋಗುತ್ತಾರೆ. ದೊಡ್ಡಕ್ಕನ ಕಡೆ ನೋಡುವುದಿಲ್ಲ. ದೊಡ್ಡಕ್ಕನೂ ಅತ್ತ ನೋಡುವುದಿಲ್ಲ, ಆದರೆ ಅವರ ಕಿವಿ ಅಲ್ಲೇ ಇರುತ್ತದೆ.

ಇಬ್ಬರೂ ಒಂದೇ ಮನೆಯಿಂದ ಬರುವವರು. ಕೆಳಗಿನ ಮನೆ ದೊಡ್ಡಕ್ಕನದು, ಮೇಲಿನದು ಚಿಕ್ಕಕ್ಕನದು, ನೀರಿನ ನಲ್ಲಿ ಇಬ್ಬರಿಗೂ ಒಂದೇ. ಗಂಡಂದಿರಿಬ್ಬರೂ ಒಂದೇ ಗ್ಯಾರೇಜಿನಲ್ಲಿ ಲಾರಿ ರಿಪೇರಿ ಮಾಡುತ್ತಾರೆ. ಮೊದಲು ಇಬ್ಬರೂ ಒಂದೇ ಡಬ್ಬಿಯಿಂದ ಊಟ ಮಾಡುತ್ತಿದ್ದರಂತೆ. ಈಗ ಒಬ್ಬರು ಬೇಗ ಹೊರಡುತ್ತಾರೆ, ಇನ್ನೊಬ್ಬರು ತಡವಾಗಿ. ಬಸ್ಸಿನ ನಂಬರು ಮಾತ್ರ ಅದೇ.

ಕಾರಣ ಕೇಳಿದರೆ ದೊಡ್ಡಕ್ಕ ತುಟಿ ಪಿಟಕ್ಕೆನ್ನುವುದಿಲ್ಲ. ಬೇರೆ ಮಾತಾದರೆ ಆಡುತ್ತಾರೆ. ಮೊದಲು ಅವರು ಪಿಂಗಾಣಿ ಪಾತ್ರೆಗಳ ಕಾರ್ಖಾನೆಯಲ್ಲಿದ್ದರು. ಸಾಲಾಗಿ ಬರುವ ಕಪ್ಪುಗಳನ್ನು ಬೆರಳ ಗೆಣ್ಣಿನಿಂದ ತಟ್ಟಿ, ಸದ್ದು ಕೇಳಿ, ಒಳಗೆ ಬಿರುಕಿದ್ದರೆ ಪಕ್ಕಕ್ಕೆ ಹಾಕುವ ಕೆಲಸ. ಕಣ್ಣಿಗೆ ಚೆಂದ ಕಂಡದ್ದನ್ನೇ ಹೆಚ್ಚು ಅನುಮಾನಿಸಬೇಕು ಎಂಬುದು ಅಲ್ಲಿ ಕಲಿತದ್ದು. ಆ ಅಭ್ಯಾಸ ಮನೆಗೂ ಬಂತು. ತರಕಾರಿಯವನ ತಕ್ಕಡಿ, ವೈದ್ಯರ ಚೀಟಿ, ಮಳೆ ಬರುವುದಿಲ್ಲ ಎಂದು ಹೇಳುವ ರೇಡಿಯೊ, ಯಾವುದೂ ಅವರ ಕೈಯಿಂದ ಸುಮ್ಮನೆ ಪಾಸಾಗುವುದಿಲ್ಲ.

"ನಮ್ಮ ಯಜಮಾನ್ರು ಊಟ ಚೆನ್ನಾಗಿದೆ ಅಂದ್ರೂ ನಾನು ಇನ್ನೊಂದ್ಸಲ ಕೇಳ್ತೀನಿ. ಯಾಕೆ ಅಂದ್ರೆ ಏನಾದ್ರೂ ಬೇಕಾದಾಗ್ಲೇ ಅವರು ಹಾಗೆ ಹೇಳೋದು," ಎನ್ನುತ್ತಾರೆ. ನಗುವುದಿಲ್ಲ.

ಕಾರ್ಖಾನೆ ಮುಚ್ಚಿದ ಮೇಲೆ ಇಲ್ಲಿಗೆ ಬಂದರು. ಈ ಕೆಲಸ ಹಗುರವಲ್ಲ. ಕೋಣೆಯಲ್ಲಿ ಫ್ಯಾನು ಹಾಕುವಂತಿಲ್ಲ, ಧೂಳು ಏಳುತ್ತದೆ. ಬೆವರಿನ ಒಂದು ಹನಿ ಬಿಲ್ಲೆಯ ಮೇಲೆ ಬಿದ್ದರೂ ಅದು ಕೆಟ್ಟಂತೆ. ಬಳೆ, ಸರ, ಉಂಗುರ ಯಾವುದೂ ಮೈಮೇಲೆ ಇರಬಾರದು. ಒಮ್ಮೆ ಕರೆಂಟು ಹೊಡೆದು ಗೋಡೆಗೆ ಹೋಗಿ ಬಿದ್ದಿದ್ದಾರೆ. ಆ ಕೈಯ ಕಿರುಬೆರಳು ಇಂದಿಗೂ ಪೂರ್ತಿ ಮಡಚುವುದಿಲ್ಲ. ಬೆಳಗಿನಿಂದ ಸಂಜೆಯವರೆಗೆ ಎರಡು ತಟ್ಟೆ ಬಿಲ್ಲೆ, ಹೆಚ್ಚೆಂದರೆ ಮೂರು. ಕಾಯಿಸುವುದಕ್ಕಿಂತ ತಣ್ಣಗಾಗುವುದಕ್ಕೆ ಹೆಚ್ಚು ಹೊತ್ತು. ಆ ಹೊತ್ತೆಲ್ಲ ಪೆಟ್ಟಿಗೆಯ ಮುಳ್ಳಿನ ಮೇಲೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತಿರಬೇಕು.

ಚಿಕ್ಕಕ್ಕನಿಗೆ ಇಲ್ಲಿ ಕೆಲಸ ಕೊಡಿಸಿದವರೂ ಅವರೇ. "ನಾನು ನೋಡಿ ಆರಿಸಿದ ಕೈ ಅದು," ಎನ್ನುವಾಗ ಅವರ ದನಿಯಲ್ಲಿ ಹೆಮ್ಮೆಗಿಂತ ದೂರು ಹೆಚ್ಚಿದೆ.

ಏನಾಗಿದೆ ಎಂದು ನನಗೆ ಹೇಳಿದವರು ಇಲ್ಲಿನ ಮುಖ್ಯಸ್ಥೆ, ಎಲ್ಲರ ಬಾಯಲ್ಲಿ ಡಾಕ್ಟರಮ್ಮ. ಬಿಲ್ಲೆಗಳನ್ನು ಮನುಷ್ಯರ ದವಡೆಗೆ ಹಾಕಿ ನೋಡುವ ಕಾಲ ಹತ್ತಿರ ಬಂದಿತ್ತು. ಅದಕ್ಕೆ ಮೊದಲು ಕೊನೆಯ ಬಾರಿ ಕುರಿಗಳ ಕಾಲಿನ ಮೂಳೆಯಲ್ಲಿಟ್ಟು ನೋಡಿದರು. ಫಲಿತಾಂಶ ಬಂದಾಗ ಎಲ್ಲರೂ ಮೂಗಿನ ಮೇಲೆ ಬೆರಳಿಟ್ಟರು. ನೀಲಿ ಚುಕ್ಕೆಯ ಮುಖದಲ್ಲಿ ಮೂಳೆ ಅರೆಬರೆ. ಚುಕ್ಕೆಯಿಲ್ಲದ ಮುಖದಲ್ಲಿ ಗಟ್ಟಿ. ಎಲ್ಲ ಕುರಿಗಳಲ್ಲೂ ಹಾಗೇ, ತಲೆಕೆಳಗು. ದವಡೆಯ ಕೆಲಸವನ್ನು ಅಲ್ಲಿಗೇ ನಿಲ್ಲಿಸಿದರು.

ನನ್ನ ಅನುಮಾನಕ್ಕೆ ಹಬ್ಬದೂಟ ಸಿಕ್ಕಿದಂತಾಯಿತು. "ಹಾಗಾದರೆ ಈ ಚಾರ್ಜ್ ಗೀರ್ಜ್ ಎಲ್ಲ ಬರೀ ಮಾತು ಅನ್ನಿ," ಎಂದೆ.

ಡಾಕ್ಟರಮ್ಮ ಸಿಟ್ಟಾಗಲಿಲ್ಲ. "ಇರಬಹುದು. ಇಲ್ಲ, ಚುಕ್ಕೆ ತಪ್ಪು ಮುಖದ ಮೇಲೆ ಬಿದ್ದಿರಬಹುದು. ಯಾವುದು ಅಂತ ಈ ವಾರ ಗೊತ್ತಾಗುತ್ತೆ. ಎರಡನೇದಾದ್ರೆ ಚುಕ್ಕೆ ಇಡುವವರನ್ನ ಇಟ್ಟುಕೊಳ್ಳೋದು ಕಷ್ಟ. ನಾಳೆ ಇದು ಮನುಷ್ಯರ ಮೈಗೆ ಹೋಗೋ ವಸ್ತು."

ಚುಕ್ಕೆ ಇಡುವವರು ಎಂದರೆ ಚಿಕ್ಕಕ್ಕ. ಆ ಬಿಲ್ಲೆಗಳನ್ನು ಮಾಡಿದ ಸಮಯದಲ್ಲಿ ಅವರ ಮಗಳಿಗೆ ವಿಪರೀತ ಜ್ವರ. ಮಗುವನ್ನು ಇದೇ ಆಸ್ಪತ್ರೆಯಲ್ಲಿ ಮಲಗಿಸಿ, ಅಲ್ಲಿಗೂ ಇಲ್ಲಿಗೂ ಓಡಾಡಿಕೊಂಡೇ ಕೆಲಸ ಮಾಡಿದ್ದರು. ಬೇರೆ ಯಾರಿಗೂ ಇದು ನೆನಪಿರಲಿಲ್ಲ. "ಆಗ ಅವಳ ಮನಸ್ಸು ಇಲ್ಲಿರಲಿಲ್ಲ," ಎಂದು ಡಾಕ್ಟರಮ್ಮನ ಮುಂದೆ ಹೇಳಿದವರು ದೊಡ್ಡಕ್ಕ. ರಾತ್ರಿಯಿಡೀ ಆ ಮಗುವಿನ ಹಣೆಗೆ ಒದ್ದೆ ಬಟ್ಟೆ ಹಾಕುತ್ತಾ ಕೂತಿದ್ದವರೂ ಅದೇ ದೊಡ್ಡಕ್ಕ. ಮಾತು ಮೆಟ್ಟಿಲು ಹತ್ತಿ ಮೇಲಿನ ಮನೆ ತಲುಪಲು ಹೊತ್ತೇನೂ ಬೇಕಾಗಲಿಲ್ಲ. ಅವತ್ತಿನಿಂದಲೇ ಊಟದ ಡಬ್ಬಿ ಎರಡಾಗಿದ್ದು.

ಚಿಕ್ಕಕ್ಕನನ್ನು ಹೊರಗೆ ಕಾರಿಡಾರಿನಲ್ಲಿ ಮಾತಾಡಿಸುತ್ತೇನೆ. ಆಕೆಯೂ ನನ್ನನ್ನು ನಂಬುವುದಿಲ್ಲ. "ಅವರೇ ಕಳ್ಸಿದ್ರಾ ನಿಮ್ಮನ್ನ?" ಎನ್ನುವುದು ಮೊದಲ ಪ್ರಶ್ನೆ. ಅಲ್ಲ ಎಂದು ಒಪ್ಪಿಸಲು ಸಾಕುಬೇಕಾಗುತ್ತದೆ.

"ತಟ್ಟೆ ಮೇಲಿಂದ ಬಿಲ್ಲೆ ಎತ್ತೋಕೆ ಮುಂಚೆ ನಾನು ಎಡಗೈ ಬೆನ್ನ ಹಿಂದೆ ಇಟ್ಕೋತೀನಿ. ಎರಡು ಕೈ ಸೇರಿದ್ರೆ ತಾನೇ ಬಿಲ್ಲೆ ಮಗುಚೋದು? ಒಂದೇ ಕೈಲಿ ಎತ್ತು, ಅದೇ ಕೈಲಿ ಇಡು, ಚುಕ್ಕೆ ಹಾಕು. ಇದನ್ನ ಕಲಿಸಿದ್ದು ಯಾರು ಅಂತ ಹೋಗಿ ಕೇಳಿ," ಎನ್ನುತ್ತಾರೆ. ಕಲಿಸಿದ್ದು ದೊಡ್ಡಕ್ಕ ಎಂದು ಬೇರೆ ಹೇಳಬೇಕಿಲ್ಲ. "ಮಗಳಿಗೆ ಹುಷಾರಿಲ್ಲ ಅಂದ್ರೆ ಅಮ್ಮನ ಕೈ ನಡುಗುತ್ತೆ, ನಿಜ. ಆದ್ರೆ ಪ್ರತಿ ಬಿಲ್ಲೆಗೂ ಒಂದೇ ಥರ ನಡುಗುತ್ತಾ?"

ಪ್ರಶ್ನೆ ಚೆನ್ನಾಗಿದೆ. ಆದರೆ ಚೆನ್ನಾಗಿ ಮಾತಾಡುವವರ ಮೇಲೆ ನನಗೆ ಮೊದಲಿನಿಂದಲೂ ಒಂದು ಕಣ್ಣು. ಬರೆದುಕೊಳ್ಳುತ್ತೇನೆ, ಅಷ್ಟೇ.

ವಾರದ ಕೊನೆಗೆ ಡಾಕ್ಟರಮ್ಮ ಇಬ್ಬರನ್ನೂ ತಮ್ಮ ಕೋಣೆಗೆ ಕರೆಯುತ್ತಾರೆ. ನನ್ನನ್ನು ಹೊರಗೆ ಕಳಿಸುವುದಿಲ್ಲ. "ಮುಚ್ಚಿಟ್ರು ಅಂತ ಆಮೇಲೆ ಬರೀಬಾರದಲ್ಲ, ಕೂತ್ಕೊಳ್ಳಿ," ಎನ್ನುತ್ತಾರೆ. ಇಲ್ಲಿ ಯಾರೂ ಯಾರನ್ನೂ ನಂಬುವುದಿಲ್ಲ ಎಂಬುದರಲ್ಲಿ ನನಗೆ ಈಗ ಯಾವ ಅನುಮಾನವೂ ಇಲ್ಲ.

ಉಳಿದಿದ್ದ ಬಿಲ್ಲೆಗಳನ್ನು ಕಾಯಿಸಿ ಅಳೆದಿದ್ದಾರೆ. ಅಳೆಯುವ ಯಂತ್ರದಲ್ಲಿ ಇಷ್ಟು ದಿನ ನೋಡುತ್ತಿದ್ದದ್ದು ಎಷ್ಟು ಚಾರ್ಜ್ ಇದೆ ಎಂಬುದನ್ನು ಮಾತ್ರ. ಈ ಬಾರಿ ಯಾವ ಮುಖದಲ್ಲಿ ಯಾವುದಿದೆ ಎಂದೂ ನೋಡಿದ್ದಾರೆ. ಚಾರ್ಜೇನೋ ಬೇಕಾದಷ್ಟಿದೆ. ಆದರೆ ಚುಕ್ಕೆಯ ಮುಖ ಪ್ಲಸ್. ಒಂದೆರಡು ಬಿಲ್ಲೆಯಲ್ಲಿ ಅಲ್ಲ, ಎಲ್ಲದರಲ್ಲೂ.

"ಅಂದ್ರೆ ಎರಡೇ ದಾರಿ," ಎಂದು ಡಾಕ್ಟರಮ್ಮ ಬೆರಳು ಮಡಚುತ್ತಾರೆ. "ಇಲ್ಲ, ಚುಕ್ಕೆ ಇಡುವಾಗ ಮೇಲಿನ ಮುಖವನ್ನೇ ಕೆಳಗಿಂದು ಅಂದುಕೊಂಡು ಇಟ್ಟಿದ್ದಾರೆ. ಇಲ್ಲ, ತಂತಿಗಳೇ ಅದಲುಬದಲಾಗಿವೆ."

"ತಂತಿ ಸರಿಯಾಗಿದೆ. ನಾನೇ ನೋಡಿದ್ದೀನಿ," ಎಂದು ದೊಡ್ಡಕ್ಕ ಥಟ್ಟನೆ ಹೇಳುತ್ತಾರೆ.

ಆ ಮಾತಿಗೆ ಕೋಣೆಯಲ್ಲಿ ಯಾರೂ ಎದುರು ಹೇಳುವುದಿಲ್ಲ. ದೊಡ್ಡಕ್ಕ ನೋಡಿದ ಮೇಲೆ ಇನ್ನೊಬ್ಬರು ನೋಡುವುದು ಏನಿದೆ? ಇದು ಇಲ್ಲಿನ ರೂಢಿ. ಇಷ್ಟೂ ವರ್ಷ ಅವರ ಅನುಮಾನವೇ ಎಲ್ಲರ ನೆಮ್ಮದಿಯಾಗಿತ್ತು.

ಆಗ ಚಿಕ್ಕಕ್ಕ ಬಾಯಿ ತೆರೆಯುತ್ತಾರೆ. "ಪೆಟ್ಟಿಗೆ ರಿಪೇರಿಗೆ ಹೋಗಿ ಬಂತಲ್ಲ, ಅವತ್ತು ರಿಪೇರಿಯವರು ತಂತಿಗಳನ್ನ ಅಡ್ಡ ಹಾಕಿದ್ರು. ಎಡಗಡೆ ಇದ್ದಿದ್ದು ಬಲಕ್ಕೆ, ಬಲಗಡೆದು ಎಡಕ್ಕೆ. ಹಾಗೇ ಇರಬೇಕು ಅಂದ್ರು. ನಾನು ಅಕ್ಕಂಗೆ ಹೇಳಿದ್ದೆ."

ಡಾಕ್ಟರಮ್ಮ ಅಲ್ಲೇ ರಿಪೇರಿಯವನಿಗೆ ಫೋನ್ ಮಾಡಿ ಎಲ್ಲರಿಗೂ ಕೇಳುವಂತೆ ಮೇಜಿನ ಮೇಲೆ ಇಡುತ್ತಾರೆ. "ಹೌದು ಮೇಡಂ," ಎನ್ನುತ್ತದೆ ಫೋನು. "ಒಳಗಿನ ಬೋರ್ಡು ಹೊಸದು. ಅದರಲ್ಲಿ ಪ್ಲಸ್ಸು ಮೈನಸ್ಸು ಹಳೇದಕ್ಕಿಂತ ಉಲ್ಟಾ. ಅದಕ್ಕೇ ತಂತಿ ಅಡ್ಡ ಹಾಕ್ದೆ. ಹಾಗಿದ್ರೆ ಸರಿ."

"ಹಾಗಾದ್ರೆ ತಂತಿಯ ತಪ್ಪಿಲ್ಲ," ಎಂದು ಡಾಕ್ಟರಮ್ಮ ನಿಟ್ಟುಸಿರು ಬಿಡುತ್ತಾರೆ. "ಉಳಿದಿದ್ದು ಚುಕ್ಕೆ." ಚಿಕ್ಕಕ್ಕನ ಕಡೆ ನೋಡುವುದು ಅವರಿಗೂ ಕಷ್ಟವಾಗುತ್ತಿದೆ. "ನಾಳೆ ಬೆಳಿಗ್ಗೆ ಮಾತಾಡೋಣ."

ನಾನು ಮಾತ್ರ ದೊಡ್ಡಕ್ಕನನ್ನೇ ನೋಡುತ್ತಿದ್ದೇನೆ. ಫೋನು ಮಾತಾಡುತ್ತಿದ್ದಾಗ ಅವರ ಮುಖದ ಬಣ್ಣ ಇಳಿದುಹೋಯಿತು. ಕೈ ಸೆರಗಿನೊಳಗೆ ಹೋಯಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಇವರಿಗೆ ಏನೋ ಗೊತ್ತಿದೆ, ಹೇಳುತ್ತಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದನ್ನು ನೋಡಿಕೊಂಡು ಸುಮ್ಮನೆ ಕೂತಿದ್ದಾರೆ. ನನಗೆ ಅಸಹ್ಯವಾಗುತ್ತದೆ. ಇಂಥವರ ಬಗ್ಗೆಯೇ ನಾನು 'ತೆರೆಮರೆಯ ಸೇವೆ' ಎಂದು ಬರೆಯಬೇಕಾಗಿತ್ತಲ್ಲ ಎಂದು ನನ್ನ ಮೇಲೂ ಸಿಟ್ಟು ಬರುತ್ತದೆ.

ಆ ಸಿಟ್ಟಿನಲ್ಲೇ ಮರುದಿನ ಕತ್ತಲು ಹರಿಯುವ ಮುನ್ನ ಓಣಿಗೆ ಬರುತ್ತೇನೆ. ನನ್ನ ಲೆಕ್ಕ ಸರಳ. ಆಕೆ ಇಂದು ಬೇಗ ಬರುತ್ತಾರೆ, ಯಾರೂ ಇಲ್ಲದಾಗ ಪೆಟ್ಟಿಗೆಯ ಹಿಂದೆ ಕೈ ಹಾಕುತ್ತಾರೆ, ಏನೋ ಒಂದನ್ನು ಸರಿಮಾಡಿ ಕೈ ತೊಳೆದುಕೊಳ್ಳುತ್ತಾರೆ. ಹಿಡಿಯಬೇಕಾದರೆ ಈಗಲೇ ಹಿಡಿಯಬೇಕು.

ಬೀಗ ತೆರೆದಿದೆ. ಒಳಗೆ ದೀಪ ಉರಿಯುತ್ತಿದೆ. ಪೆಟ್ಟಿಗೆಯನ್ನು ಗೋಡೆಯಿಂದ ಈಚೆಗೆ ಎಳೆದು, ಅದರ ಬೆನ್ನು ಕಾಣುವಂತೆ ತಿರುಗಿಸಿಟ್ಟಿದ್ದಾರೆ. ಎದುರಿಗೆ ಸ್ಟೂಲು ಹಾಕಿಕೊಂಡು ದೊಡ್ಡಕ್ಕ ಕೂತಿದ್ದಾರೆ. ಮಡಿಲಲ್ಲಿ ಸ್ಕ್ರೂಡ್ರೈವರ್.

"ಸಿಕ್ಕಿಬಿದ್ದೆ ಅಂದ್ಕೊಂಡ್ರಾ ಪೇಪರ್‌ನವರೇ?" ಎನ್ನುತ್ತಾರೆ, ತಿರುಗಿ ನೋಡದೆ. "ಮುಟ್ಟಿಲ್ಲ ಇನ್ನೂ. ನೀವೂ ಮುಟ್ಟಬೇಡಿ. ಡಾಕ್ಟರಮ್ಮ ಬಂದು ಹೇಗಿದೆಯೋ ಹಾಗೇ ನೋಡ್ಲಿ."

ತಂತಿಗಳು ನೇರವಾಗಿವೆ. ಅಡ್ಡ ಇಲ್ಲ.

ನಾನು ನಿಂತೇ ಇರುತ್ತೇನೆ. ಅವರು ತಮ್ಮಷ್ಟಕ್ಕೇ ಹೇಳತೊಡಗುತ್ತಾರೆ. ಪೆಟ್ಟಿಗೆ ರಿಪೇರಿಯಿಂದ ಬಂದ ದಿನ ಅವರು ಮಗುವಿಗೆ ಗಂಜಿ ಕೊಡಲು ವಾರ್ಡಿಗೆ ಹೋಗಿದ್ದರು. ವಾಪಸು ಬಂದು ನೋಡಿದರೆ ತಂತಿ ಅಡ್ಡ. ಹಾಗೇ ಇರಬೇಕಂತೆ ಎಂದು ಚಿಕ್ಕಕ್ಕ ಹೇಳಿದ್ದು ನಿಜ.

"ಅವನು ಹೇಳಿದ್ದೆಲ್ಲ ವೇದವಾಕ್ಯನಾ ಅಂದೆ. ಇಷ್ಟು ವರ್ಷ ಕೆಳಗಿನ ತಟ್ಟೆ ತಂತಿ ಎಡಗಡೆಗೇ ಹೋಗ್ತಿತ್ತು, ಇವತ್ತು ಯಾಕೆ ಬಲಗಡೆ? ಅವಸರದಲ್ಲಿ ತಪ್ಪು ಹಾಕಿ ಹೋಗಿದ್ದಾನೆ, ಮಗು ಚಿಂತೇಲಿ ಇವಳೂ ಸರಿಯಾಗಿ ಕೇಳಿಸ್ಕೊಂಡಿಲ್ಲ ಅಂತ ಅಂದ್ಕೊಂಡೆ. ಅವಳು ಆ ಕಡೆ ಹೋದಾಗ ಬಿಚ್ಚಿ ಮೊದಲಿನ ಹಾಗೇ ಹಾಕ್ದೆ. ಹಾಕಿ, ಎರಡು ಸಲ ಜಗ್ಗಿ ನೋಡ್ದೆ." ಸ್ಕ್ರೂಡ್ರೈವರ್ ತುದಿಯಿಂದ ತಂತಿಯನ್ನು ತೋರಿಸುತ್ತಾರೆ, "ಗಟ್ಟಿಯಾಗೇ ಇತ್ತು."

ಯಾರಿಗಾದರೂ ಹೇಳಬೇಕು ಅನಿಸಲಿಲ್ಲವೇ ಎಂದು ಕೇಳುತ್ತೇನೆ.

"ತಪ್ಪು ಸರಿ ಮಾಡಿದ್ದನ್ನ ಊರಿಗೆಲ್ಲ ಸಾರ್ತಾರಾ?"

ಬೇಲಿಯೇ ಎದ್ದು ಹೊಲ ಮೇಯ್ದಂತೆ. ಎಲ್ಲರನ್ನೂ ಅನುಮಾನಿಸುವುದೇ ಯಾರ ಕೆಲಸವೋ, ಅವರ ಅನುಮಾನವೇ ಸರಿಯಾಗಿದ್ದುದನ್ನು ತಪ್ಪು ಮಾಡಿತ್ತು. ಕಾವಲಿನವರ ಮೇಲೆ ಕಾವಲು ಇರಲಿಲ್ಲ.

"ಹಾಗಾದ್ರೆ ಈ ಸ್ಕ್ರೂಡ್ರೈವರ್?" ಎನ್ನುತ್ತೇನೆ. ನನ್ನ ಅನುಮಾನ ಇನ್ನೂ ಸತ್ತಿಲ್ಲ.

"ಬದಲಾಯಿಸೋಕೇ ಬಂದೆ," ಎನ್ನುತ್ತಾರೆ. ಕಣ್ಣೀರು ಒರೆಸಿಕೊಳ್ಳುವುದಿಲ್ಲ, ಅದು ತಾನಾಗಿ ಇಳಿಯುತ್ತದೆ. "ಸುಳ್ಳು ಯಾಕೆ ಹೇಳ್ಲಿ. ಸ್ಕ್ರೂ ಮೇಲೆ ಇಟ್ಟೂ ಆಗಿತ್ತು. ಒಂದು ತಿರುವು ತಿರುಗಿಸಿದ್ರೆ ಮುಗೀತು, ಯಾರಿಗೂ ಗೊತ್ತಾಗಲ್ಲ. ಆಮೇಲೆ ತಲೆಗೆ ಬಂತು. ನಾನು ಇದನ್ನ ಬದಲಾಯಿಸಿದ್ರೆ ಮುಂದಿನ ತಟ್ಟೆ ಸರಿ ಬರುತ್ತೆ. ಆಗ ಎಲ್ಲರೂ ಏನಂತಾರೆ? ನೋಡಿದ್ರಾ, ಅವಳು ಹೋದ್ಮೇಲೆ ಎಲ್ಲ ಸರಿಯಾಯ್ತು ಅಂತಾರೆ. ನನ್ನ ಕೈಯಾರೆ ಅವಳ ಮೇಲೆ ಸಾಕ್ಷಿ ತಯಾರು ಮಾಡಿದ ಹಾಗೆ ಆಗ್ತಿತ್ತು."

ಅನುಮಾನವನ್ನೇ ಹೊಟ್ಟೆಪಾಡು ಮಾಡಿಕೊಂಡ ನಾನು ಪೆನ್ನನ್ನು ಜೇಬಿಗೆ ಹಾಕಿಕೊಂಡೆ. ಈ ಹೆಂಗಸಿನ ಬಗ್ಗೆ ನನಗೆ ಗೌರವ ಹುಟ್ಟಿತು. ಹಿಂದಿನ ದಿನದ ಅವರ ಮೌನವನ್ನು ಮರೆತೆನೆಂದು ಅಲ್ಲ, ಅದನ್ನು ನೆನಪಿಟ್ಟುಕೊಂಡೇ.

ಬೆಳಕು ಪೂರ್ತಿ ಬಂದ ಮೇಲೆ ಡಾಕ್ಟರಮ್ಮ ಬರುತ್ತಾರೆ, ಹಿಂದೆಯೇ ಚಿಕ್ಕಕ್ಕ. ದೊಡ್ಡಕ್ಕ ಎದ್ದು ನಿಂತು, ಪೆಟ್ಟಿಗೆಯ ಬೆನ್ನು ತೋರಿಸಿ, ಹೇಳಬೇಕಾದ್ದನ್ನು ಒಂದೇ ಉಸಿರಿಗೆ ಹೇಳಿ ಮುಗಿಸುತ್ತಾರೆ. ಆ ದಿನಗಳಲ್ಲಿ ಚಿಕ್ಕಕ್ಕನ ಮನಸ್ಸು ಇಲ್ಲಿರಲಿಲ್ಲ ಎಂಬ ಮಾತು ತಾವು ಆಡಬಾರದಿತ್ತು ಎಂಬುದನ್ನೂ ಸೇರಿಸುತ್ತಾರೆ.

ಡಾಕ್ಟರಮ್ಮ ಬಗ್ಗಿ ಎರಡೂ ತಂತಿಗಳ ತುದಿ ನೋಡುತ್ತಾರೆ. ಬೈಗುಳ ಬರುತ್ತದೆ ಎಂದು ಕಾಯುತ್ತೇನೆ. "ನಿನ್ನೆ ಎದ್ದು ಬಂದು ನಾನೇ ಒಂದ್ಸಲ ನೋಡಬಹುದಿತ್ತು," ಎನ್ನುತ್ತಾರೆ. "ನೀವು ನೋಡಿದ್ದೀರಲ್ಲ ಅಂತ ಕೂತೇ ಇದ್ದೆ." ಆಮೇಲೆ ನನ್ನ ಕಡೆ ತಿರುಗಿ, "ನೀವು ಕೇಳಿದ್ರಲ್ಲ, ಚಾರ್ಜ್ ಅನ್ನೋದೆಲ್ಲ ಬರೀ ಮಾತಾ ಅಂತ? ಈಗ ಹೇಳಿ," ಎನ್ನುತ್ತಾರೆ.

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯುತ್ತದೆ. ಬಿಲ್ಲೆ ಮಾಡಿದವರು, ಚುಕ್ಕೆ ಇಟ್ಟವರು, ಕುರಿಗಳ ಕಾಲಿಗೆ ಕೂರಿಸಿದವರು, ಮೂಳೆ ಕತ್ತರಿಸಿ ನೋಡಿದವರು, ಎಲ್ಲರೂ ಚುಕ್ಕೆಯ ಮುಖವೇ ಮೈನಸ್ ಎಂದು ನಂಬಿದ್ದರು. ಫಲಿತಾಂಶ ಎತ್ತ ವಾಲಬೇಕೆಂದು ಅವರೆಲ್ಲರ ಆಸೆಯೂ ಇತ್ತು. ಕುರಿಗಳಿಗೆ ಮಾತ್ರ ಚುಕ್ಕೆ ಎಂದರೆ ಏನೆಂದು ಗೊತ್ತಿರಲಿಲ್ಲ. ಅವುಗಳ ಮೂಳೆ ಯಾರ ಮಾತನ್ನೂ ಕೇಳದೆ, ನಿಜವಾಗಿ ಮೈನಸ್ ಇದ್ದ ಮುಖವನ್ನೇ ಹುಡುಕಿಕೊಂಡು ಹೋಗಿ ಕಚ್ಚಿಕೊಂಡಿತ್ತು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆಯನ್ನು ನಂಬಿದವನು ನಾನು. ಇದಕ್ಕಿಂತ ಪ್ರಮಾಣ ಬೇರೆ ಏನು ಬೇಕು? ಅಯಸ್ಕಾಂತದ ಬಳೆಯ ಜತೆ ಇದನ್ನು ಸೇರಿಸಿದ್ದ ಟಿಪ್ಪಣಿಗಳನ್ನು ಅಂದೇ ಹರಿದೆ.

ಇದರಿಂದ ನಷ್ಟವೇನೂ ಕಡಿಮೆಯಾಗಲಿಲ್ಲ. ರಿಪೇರಿಯಾದ ಮೇಲೆ ತಯಾರಾದ ಎಲ್ಲ ಬಿಲ್ಲೆಗಳನ್ನೂ ಪಕ್ಕಕ್ಕಿಟ್ಟಿದ್ದಾರೆ. ಕುರಿಗಳ ಪರೀಕ್ಷೆ ಮೊದಲಿನಿಂದ ನಡೆಯಬೇಕು, ದವಡೆಗಾಗಿ ಕಾದಿರುವ ರೋಗಿಗಳು ಇನ್ನಷ್ಟು ಕಾಲ ಕಾಯಬೇಕು. ಇಬ್ಬರಲ್ಲಿ ಯಾರೂ ಕೆಲಸ ಕಳೆದುಕೊಂಡಿಲ್ಲ. ಆದರೆ ಪದ್ಧತಿ ಬದಲಾಗಿದೆ. ದೊಡ್ಡಕ್ಕ ಜೋಡಿಸಿದ ತಂತಿಯನ್ನು ಚಿಕ್ಕಕ್ಕ ನೋಡಬೇಕು, ಚಿಕ್ಕಕ್ಕ ಇಟ್ಟ ಚುಕ್ಕೆಯನ್ನು ದೊಡ್ಡಕ್ಕ. ಪ್ರತಿ ತಟ್ಟೆಯಿಂದ ಒಂದು ಬಿಲ್ಲೆಯನ್ನು ಬಲಿಕೊಟ್ಟು ಮುಖ ಯಾವುದೆಂದು ಅಳೆಯಬೇಕು.

ಚಿಕ್ಕಕ್ಕ ಅಂದು ಅಳಲಿಲ್ಲ, ಅಪ್ಪಿಕೊಳ್ಳಲೂ ಇಲ್ಲ. ಕೈಗವಸು ಹಾಕಿಕೊಳ್ಳುತ್ತಾ ಒಂದೇ ಮಾತು ಹೇಳಿದರು. "ಎಲ್ಲರ ಮೇಲೂ ಅನುಮಾನ ಪಟ್ರಿ ಅಕ್ಕ. ರಿಪೇರಿಯವರ ಮೇಲೆ, ನನ್ನ ಮೇಲೆ, ಹುಷಾರಿಲ್ಲದ ನನ್ನ ಮಗು ಮೇಲೆ ಕೂಡ. ನಿಮ್ಮ ಕೈ ಮೇಲೊಂದು ಸಲ ಪಡಬಹುದಿತ್ತು." ಆಮೇಲೆ ಎಡಗೈಯನ್ನು ಬೆನ್ನ ಹಿಂದಿಟ್ಟುಕೊಂಡು ಕೆಲಸಕ್ಕೆ ಬಗ್ಗಿದರು.

ನಾನು ಕೊನೆಯ ಬಾರಿ ಹೋದಾಗ ಹೊಸ ತಟ್ಟೆ ಕುಲುಮೆಯೊಳಗಿತ್ತು. ಪೆಟ್ಟಿಗೆಯ ಹಿಂದೆ ತಂತಿಗಳು ಅಡ್ಡ ಇದ್ದವು. ಇಬ್ಬರೂ ಬೇರೆ ಬೇರೆ ಮೂಲೆಯಲ್ಲಿ ಕೂತು ಊಟ ಮಾಡುತ್ತಿದ್ದರು. ಡಬ್ಬಿಗಳು ಇನ್ನೂ ಎರಡೇ.

ಹೊರಡುವಾಗ ದೊಡ್ಡಕ್ಕ ಬಾಗಿಲವರೆಗೂ ಬರುತ್ತಾರೆ. ಅವರ ಬಗ್ಗೆ ಏನು ಬರೆಯಲಿ ಎಂದು ಕೇಳುತ್ತೇನೆ. ಎಲ್ಲರನ್ನೂ ಕೇಳುವ ಪ್ರಶ್ನೆ ಅದು. ಫೋಟೋ ಚೆನ್ನಾಗಿರಲಿ, ಮಕ್ಕಳ ಹೆಸರೂ ಬರಲಿ ಎಂದೆಲ್ಲ ಹೇಳುವವರುಂಟು.

"ನನ್ನ ಬಗ್ಗೆ ಏನಾದ್ರೂ ಬರ್ಕೊಳ್ಳಿ," ಎನ್ನುತ್ತಾರೆ. ಒಮ್ಮೆ ಒಳಗೆ ತಿರುಗಿ ನೋಡಿ ದನಿ ತಗ್ಗಿಸುತ್ತಾರೆ. "ಅವಳ ಚುಕ್ಕೆ ಒಂದೂ ತಪ್ಪಿರಲಿಲ್ಲ ಅಂತ ಮಾತ್ರ ಸರಿಯಾಗಿ ಅಚ್ಚು ಹಾಕ್ಸಿ. ದಿನಾ ಮೆಟ್ಟಿಲ ಹತ್ರ ನಿಂತು ಹೇಳ್ತೀನಿ, ಅವಳು ನಿಲ್ಲಲ್ಲ. ಭಾನುವಾರ ಪೇಪರ್ ಓದೋಕೆ ಮಾತ್ರ ಕೆಳಗಿಳಿದು ಬರ್ತಾಳೆ. ನಮ್ಮನೇಲಿ ತರಿಸೋದು ಒಂದೇ ಪೇಪರ್."